ಎಕ್ಸ್‌ಪ್ರೆಸ್ ಅತ್ತೆ ಬರೆಯದೆ ಬಿಟ್ಟ ಮಾತು

ನಮ್ಮ ಅತ್ತೆಯ ಮನೆಯ ಸೋಫಾದ ಬಲಗೈ ಮೇಲೆ ಬಟ್ಟೆ ಸವೆದು ಒಳಗಿನ ಬಿಳಿ ನೂಲು ಕಾಣುವ ಒಂದು ಜಾಗವಿದೆ. ಅಂಗೈಯಷ್ಟು ಅಗಲ. ಅದು ಕೂತು ಸವೆದದ್ದಲ್ಲ, ಒರಗಿ ಸವೆದದ್ದೂ ಅಲ್ಲ. ಅತ್ತೆಯ ತೋರುಬೆರಳು ಉಜ್ಜಿ ಸವೆಸಿದ್ದು. ಟಿವಿಯಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಆ ಬೆರಳು ಸುಮ್ಮನಿರುವುದಿಲ್ಲ. ವಾರ್ತೆ ಓದುವವರಿಗೆ ಅದು ಸಮನಾದ ಓಟದಲ್ಲಿ ಓಡುತ್ತದೆ, ಹವಾಮಾನ ಹೇಳುವವರಿಗೆ ನಡಿಗೆಯಲ್ಲಿ. ಚರ್ಚೆಯಲ್ಲಿ ನಾಲ್ಕು ಜನ ಒಟ್ಟಿಗೆ ಬಾಯಿ ಹಾಕಿದರೆ ಮಾತ್ರ ಅದರ ಸಂಭ್ರಮ ನೋಡಬೇಕು. ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತದೆ.

"ಆ ಸೋಫಾಗೂ ಈಗ ಶೀಘ್ರಲಿಪಿ ಬಂದಿರತ್ತೆ. ಪರೀಕ್ಷೆಗೆ ಕೂರಿಸಿದ್ರೆ ಪಾಸಾಗತ್ತೆ" ಎಂದು ಮಾವ ಗೊಣಗುತ್ತಿದ್ದರು.

"ನಿಮಗಿಂತ ಬೇಗ ಕಲೀತು ರೀ ಅದು" ಎಂದು ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ ಉತ್ತರ ಕೊಡುತ್ತಿದ್ದರು.

ನಾನು ಅತ್ತೆಯ ಅಣ್ಣನ ಮಗಳು. ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದ್ದೇನೆ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಒಂದು ವಸ್ತುವನ್ನು ಸುಮ್ಮನೆ ನೋಡುತ್ತಾ ಕೂರುವುದು ನನ್ನ ವೃತ್ತಿಯ ಅಭ್ಯಾಸವಾದ್ದರಿಂದ ಆ ಬೆರಳನ್ನು ನಾನು ಎಲ್ಲರಿಗಿಂತ ಹೆಚ್ಚು ನೋಡಿದ್ದೇನೆ. ಅದು ಬರೆಯುತ್ತಿದ್ದದ್ದು ಗೀಟುಗಳನ್ನು. ಶೀಘ್ರಲಿಪಿಯಲ್ಲಿ 'ಪ' ಒಂದು ತೆಳು ಗೀಟು. ಅದನ್ನೇ ಒತ್ತಿ ದಪ್ಪಗೆ ಎಳೆದರೆ 'ಬ'. ಸ್ವರಗಳು ಬರಿಯ ಚುಕ್ಕೆಗಳು; ಕೈ ಪಳಗಿದವರು ಅವನ್ನೂ ಇಡುವುದಿಲ್ಲ. ಸೋಫಾದ ಮೇಲೆ ದಪ್ಪ ಗೀಟು ಬಂದಾಗ ಅತ್ತೆಯ ಉಗುರಿನ ಬುಡ ಬೆಳ್ಳಗಾಗುತ್ತಿತ್ತು. ಅಂದರೆ ಅದು ಸುಮ್ಮನೆ ಆಡುತ್ತಿದ್ದ ಬೆರಳಲ್ಲ, ನಿಜವಾಗಿಯೂ ಬರೆಯುತ್ತಿತ್ತು.

ಅತ್ತೆ ಒಂದು ದೊಡ್ಡ ಕಚೇರಿಯಲ್ಲಿ ಸ್ಟೆನೋ ಆಗಿದ್ದವರು. ಎಷ್ಟೇ ವೇಗವಾಗಿ ಹೇಳಿದರೂ ಒಂದು ಮಾತೂ ಬಿಡುತ್ತಿರಲಿಲ್ಲವೆಂದು ಹಳೆಯ ಸಾಹೇಬರೊಬ್ಬರು 'ಎಕ್ಸ್‌ಪ್ರೆಸ್' ಎಂದು ಕರೆದರು. ಆ ಹೆಸರು ಕಚೇರಿಯಿಂದ ಮನೆಗೆ, ಮನೆಯಿಂದ ಇಡೀ ಬೀದಿಗೆ ಬಂತು. ಆಮೇಲೆ ಸಾಹೇಬರುಗಳೆಲ್ಲ ತಮ್ಮ ಪತ್ರಗಳನ್ನು ತಾವೇ ಕಂಪ್ಯೂಟರಿನಲ್ಲಿ ಕುಟ್ಟತೊಡಗಿದರು. ಸ್ಟೆನೋ ಹುದ್ದೆಯನ್ನೇ ರದ್ದು ಮಾಡಿ ಅತ್ತೆಯನ್ನು ಟಪಾಲು ವಿಭಾಗಕ್ಕೆ ಹಾಕಿದರು. ಅಲ್ಲಿ ಲಕೋಟೆಗಳ ಮೇಲೆ ಮುದ್ರೆ ಒತ್ತುವ ಕೆಲಸ. ಕೆಲ ಕಾಲ ಒತ್ತಿದರು. ಒಂದು ದಿನ ಸಂಜೆ ಮನೆಗೆ ಬಂದು, "ಈ ಕೈಗೆ ಅದು ಅವಮಾನ ರೀ" ಎಂದಷ್ಟೇ ಹೇಳಿ, ಮರುದಿನವೇ ಸ್ವಯಂನಿವೃತ್ತಿಯ ಅರ್ಜಿ ಕೊಟ್ಟರು. ಅಂದಿನಿಂದ ಆ ಕೈಗೆ ಸೋಫಾವೇ ಗತಿಯಾಗಿತ್ತು.

ಗತಿ ಬದಲಾದದ್ದು ಬೀಕರ್ ಬಂದ ದಿನ.

ಬೀಕರ್ ನನ್ನ ಕಾಲೇಜು ಗೆಳತಿ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅವಳು ಒಡೆದಷ್ಟು ಗಾಜು ಬೇರೆ ಯಾರೂ ಒಡೆದಿಲ್ಲವಾದ್ದರಿಂದ ಆ ಹೆಸರು. ಕೊನೆಗೆ ವಿಜ್ಞಾನಕ್ಕೆ ದೊಡ್ಡ ಉಪಕಾರ ಮಾಡಿ ಸಿನಿಮಾ ಕಲಿಯಲು ಹೋದಳು. ಈಗ ಟಿವಿಗೆ ಸಾಕ್ಷ್ಯಚಿತ್ರ ಮಾಡುತ್ತಾಳೆ. ಆ ಭಾನುವಾರ ಅವಳು ಅತ್ತೆಯ ಮನೆಯ ಕುರ್ಚಿಯಲ್ಲಿ ಕುಸಿದು ಕೂತು, ಚಹಾದ ಲೋಟ ಕೈಯಲ್ಲಿ ಹಿಡಿದು, ತನ್ನ ಗೋಳು ಶುರು ಮಾಡಿದಳು.

"ಅತ್ತೆ, ತುರ್ತು ಕರೆ ಬಂದ್ರೆ ಓಡ್ತಾರಲ್ಲ, ಅಂಥವರ ಬಗ್ಗೆ ಒಂದು ಸರಣಿ ಮಾಡ್ತಿದೀನಿ. ಅಗ್ನಿಶಾಮಕದವರು, ಆಂಬುಲೆನ್ಸಿನವರು, ಕರೆಂಟು ಕಂಬ ಹತ್ತೋರು, ನೀರಲ್ಲಿ ಮುಳುಗಿ ಹುಡುಕೋರು. ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿದಾರೆ. ಆದ್ರೆ ಆ ಮಾತೆಲ್ಲ ಕಾಗದಕ್ಕೆ ಇಳೀಬೇಕು. ಕಾಗದದ ಮೇಲೆ ಇದ್ರೆ ತಾನೆ ಯಾವ ಮಾತು ಎಲ್ಲಿ ಅಂತ ನೋಡಿ ಕತ್ತರಿಸೋದು? ಟಿವಿಲಿ ಕೆಳಗಡೆ ಅಕ್ಷರ ಬರತ್ತಲ್ಲ, ಕಿವಿ ಕೇಳದವರಿಗೆ, ಅದೂ ಇದರಿಂದಲೇ. ಸಾಫ್ಟ್‌ವೇರ್‌ಗೆ ಕೊಟ್ಟೆ. ಹಿಂದೆ ಇಂಜಿನ್ ಗುರ್ ಅಂದ್ರೆ ಅದು ಕೈ ಎತ್ತಿಬಿಡತ್ತೆ. ಟೈಪ್ ಮಾಡೋರಿಗೆ ಕೊಟ್ಟೆ. ಒಂದು ಗಂಟೆ ಮಾತಿಗೆ ಒಂದು ದಿನ ತಗೋತಾರೆ. ಆ ಚಾನೆಲ್ಲಿನ ಯಜಮಾನ ಬೇರೆ, ಮಹಾ ಮೊಂಡ ಅವನು, ಅಯ್ಯೋ ಬೇಡ, ಅದು ಬೇಡ, ಚಾನೆಲ್ಲಿನವರು ಪಾಪ ಒಳ್ಳೆಯವರು, ಅವಸರ ಮಾಡ್ತಿದಾರೆ ಅಷ್ಟೆ."

ನನ್ನ ಕಣ್ಣು ಅತ್ತೆಯ ಕೈ ಮೇಲಿತ್ತು. ಯಾವ ಮಾಯದಲ್ಲಿ ಎತ್ತಿಕೊಂಡಿದ್ದರೋ, ವಿದ್ಯುತ್ ಬಿಲ್ಲಿನ ಹಿಂಬದಿಯ ತುಂಬ ಪೆನ್ಸಿಲ್ಲಿನ ಗೀಟುಗಳು! ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಓದತೊಡಗಿದರು. 'ಅತ್ತೆ, ತುರ್ತು ಕರೆ ಬಂದ್ರೆ' ಎಂಬಲ್ಲಿಂದ ಹಿಡಿದು ಒಂದೊಂದು ಮಾತೂ ಹಾಗೆಹಾಗೇ. ನಡುವೆ ಒಂದು ಕಡೆ ತಲೆಯೆತ್ತಿ, "ಇಲ್ಲಿ ನಿಮ್ಮ ಮಾವ 'ಚಹಾಕ್ಕೆ ಸಕ್ಕರೆ ಹಾಕಿಲ್ಲ' ಅಂದ್ರು" ಎಂದರು. ಮತ್ತೆ ಓದಿ, "'ಚಾನೆಲ್ಲಿನವರು ಪಾಪ ಒಳ್ಳೆಯವರು, ಅವಸರ ಮಾಡ್ತಿದಾರೆ ಅಷ್ಟೆ'" ಎಂದು ಮುಗಿಸಿದರು.

ಬೀಕರ್ ಎದ್ದು ನಿಂತಿದ್ದಳು. ಲೋಟದ ಚಹಾ ಅರ್ಧ ನೆಲದ ಮೇಲಿತ್ತು.

"ಆ ಮೊಂಡನ್ನ ಬಿಟ್ಟಿರಲ್ಲ ಅತ್ತೆ! ಎಂಥಾ ಜಾಣೆ ನೀವು!"

"ನೀನೇ ಬೇಡ ಅಂದೆಯಲ್ಲಮ್ಮ" ಎಂದರು ಅತ್ತೆ.

ಅದನ್ನು ಕೇಳಿ ನಾವೆಲ್ಲ ನಕ್ಕೆವು. ಆಗ ಅದು ನಗುವ ಮಾತೇ ಆಗಿತ್ತು.

ಅಲ್ಲೇ ಒಪ್ಪಂದವಾಯಿತು. ಮೊದಲ ಕಂತಿನ ಮಾತನ್ನೆಲ್ಲ ಅತ್ತೆ ಕಾಗದಕ್ಕೆ ಇಳಿಸುವುದು. ಅದು ಸರಿಹೋದರೆ ಇಡೀ ಸರಣಿ ಅತ್ತೆಯದೇ, ಟಿವಿಯ ಕೆಳಗೆ ಬರುವ ಅಕ್ಷರಗಳೂ ಸೇರಿ. ಸರಿಹೋಗದಿದ್ದರೆ ಚಾನೆಲ್ಲಿನವರು ಹೇಳಿದ ಕಂಪನಿಗೆ. ಬೀಕರ್ ಹೋದಮೇಲೆ ಅತ್ತೆ ಅಡುಗೆಮನೆಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಬಲಗೈಯನ್ನು ಎಡಗೈಯಿಂದ ಹಿಡಿದು ಒಮ್ಮೆ ಜೋರಾಗಿ ಅಮುಕಿದರು. ಬಹಳ ದಿನಕ್ಕೆ ಮನೆಗೆ ಬಂದ ಮಗುವಿನ ಕೆನ್ನೆ ಹಿಂಡುತ್ತಾರಲ್ಲ, ಹಾಗೆ.

ಮರುದಿನದಿಂದ ಮನೆಯಲ್ಲಿ ಮದುವೆಯ ಗಡಿಬಿಡಿ. ಮಾವ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಕಿವಿ ಈಚೆಗೆ ಮಂದವಾಗಿದೆ. ಟಿವಿಯನ್ನು ಕೆಳಗಿನ ನಮ್ಮ ಮನೆಗೂ ಕೇಳುವಷ್ಟು ಜೋರಾಗಿ ಇಟ್ಟುಕೊಳ್ಳುತ್ತಾರೆ. ಕೈ ಮಾತ್ರ ಚುರುಕು. "ಏನೇ ಎಕ್ಸ್‌ಪ್ರೆಸ್ಸು, ನಿನಗೊಂದು ಪೆಡಲ್ ಮಾಡಿಕೊಡ್ತೀನಿ. ಒತ್ತಿದ್ರೆ ಮಾತು ನಿಲ್ಲಬೇಕು, ಮತ್ತೆ ಒತ್ತಿದ್ರೆ ಓಡಬೇಕು. ವಿಜ್ಞಾನಿ, ಬಾ ಇಲ್ಲಿ" ಎಂದು ನನ್ನನ್ನು ಕರೆದರು. ಹೊಲಿಗೆ ಯಂತ್ರದ ಮೋಟಾರಿನ ಪೆಡಲ್ ಬಿಚ್ಚಿದೆವು. ಅದು ಒತ್ತಿದಷ್ಟೂ ವೇಗ ಹೆಚ್ಚಿಸುವಂಥದ್ದು. ನಮಗೆ ಬೇಕಾದದ್ದು ಬರಿಯ ಸ್ವಿಚ್ಚು. ಒಳಗಿನದೆಲ್ಲ ಕಿತ್ತು, ಹಳೆಯ ಕರೆಗಂಟೆಯ ಗುಂಡಿ ಕೂರಿಸಿ, ಅದರ ಎರಡು ತಂತಿಗಳನ್ನು ಕೆಟ್ಟುಹೋಗಿದ್ದ ಒಂದು ಕೀಬೋರ್ಡಿನ ಸ್ಪೇಸ್ ಕೀಲಿಯ ಜಾಗಕ್ಕೆ ಬೆಸುಗೆ ಹಾಕಿದೆ. ಕಂಪ್ಯೂಟರಿಗೆ ಜೋಡಿಸಿ ಒತ್ತಿದರೆ ಟಕ್ಕನೆ ನಿಂತಿತು, ಮತ್ತೆ ಒತ್ತಿದರೆ ಹೊರಟಿತು. ಮಾವ ನನ್ನ ಬೆನ್ನಿಗೆ ಹೊಡೆದ ಹೊಡೆತಕ್ಕೆ ಬೆಸುಗೆಯ ಕಡ್ಡಿ ಕೈಯಿಂದ ಜಾರುವುದರಲ್ಲಿತ್ತು.

ಅತ್ತೆ ಆ ಪೆಡಲನ್ನು ಮೇಲಿನಿಂದ ಕೆಳಗೆ ನೋಡಿದರು.

"ನಿಲ್ಲಿಸಿ ನಿಲ್ಲಿಸಿ ಕೇಳೋದಾ? ನಾನು? ಸಾಹೇಬ್ರು ಉಸಿರು ಬಿಡದೆ ಹೇಳ್ತಿದ್ರು, ಒಂದು ದಿನ ನಿಲ್ಲಿಸಿ ಅಂದಿಲ್ಲ. ಅದನ್ನ ಬಾಗಿಲಿಗೆ ಅಡ್ಡ ಇಡಿ, ಬಾಗಿಲು ಗಾಳಿಗೆ ಬಡ್ಕೊಳತ್ತೆ."

ಪೆಡಲ್ ಬಾಗಿಲಿಗೆ ಹೋಯಿತು.

ಅತ್ತೆಯ ಕ್ರಮವೇ ಬೇರೆ. ಕಿವಿಗೆ ಹೆಡ್‌ಫೋನ್, ಎಡಗೈಯ ಹೆಬ್ಬೆರಳು ಹಾಳೆಯ ಕೆಳಗಿನ ಮೂಲೆಯಲ್ಲಿ, ಸಾಲು ಮುಗಿಯುತ್ತಿದ್ದಂತೆ ಹಾಳೆಯನ್ನು ಮೇಲಕ್ಕೆ ಸರಿಸಲು ತಯಾರಾಗಿ. ಮಾತು ಓಡಿದ ವೇಗದಲ್ಲೇ ಒಂದೇ ಸಲ ಕೇಳಿ ಶೀಘ್ರಲಿಪಿಯಲ್ಲಿ ಬರೆಯುವುದು, ಆಮೇಲೆ ಆ ಗೀಟುಗಳನ್ನು ಓದಿಕೊಂಡು ಟೈಪ್ ಮಾಡುವುದು. ಅಂಚಿನಲ್ಲಿ ಆಗಾಗ, ಆ ಮಾತು ಎಷ್ಟನೆಯ ನಿಮಿಷದ್ದು ಎಂಬ ಗುರುತು. ಟೈಪ್ ಮಾಡುವವರು ಒಂದು ದಿನ ತೆಗೆದುಕೊಳ್ಳುತ್ತಿದ್ದದ್ದು ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಮುಗಿಯುತ್ತಿತ್ತು. ಪ್ರಯೋಗಾಲಯಕ್ಕೆ ಹೊರಡುವ ಮೊದಲು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅತ್ತೆಯ ಮುಖ ಕೆಂಪಗಾಗಿರುತ್ತಿತ್ತು. ತುಟಿ ಮುಂದೆ ಬಂದು, ಕಣ್ಣು ಅಗಲವಾಗಿ, ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹುಡುಗಿಯ ಹಾಗೆ ಕಾಣುತ್ತಿದ್ದರು.

ಆ ಕಂತಿನಲ್ಲಿ ಹೆಚ್ಚು ಮಾತಾಡಿದ್ದವರು ಬೆಂಕಿ ಆರಿಸುವ ವಾಹನದ ಒಬ್ಬ ನಿವೃತ್ತ ಚಾಲಕರು. "ಏನ್ ಮಾತಾಡ್ತಾರೇ ಆ ಮನುಷ್ಯ!" ಎಂದು ಅತ್ತೆ ಊಟಕ್ಕೆ ಕೂತಾಗ ಹೇಳಿದರು. "ಗಾಡಿ ಓಡಿಸಿದ ಹಾಗೇ ಮಾತಾಡ್ತಾರೆ. ಬ್ರೇಕೇ ಇಲ್ಲ. ಬಲಗಡೆ ತಿರುಗ್ತಾರೆ ಅಂದ್ಕೊಂಡ್ರೆ ಎಡಗಡೆ ತಿರುಗಿರ್ತಾರೆ. ಆದ್ರೂ ನಾನು ಬಿಡಲಿಲ್ಲ, ಬೆನ್ನು ಹತ್ತಿದೆ!"

"ಏನು ಹೇಳಿದ್ರು?" ಎಂದು ಮಾವ ಕೇಳಿದರು.

"ಅದು ಟೈಪ್ ಮಾಡುವಾಗ ಗೊತ್ತಾಗತ್ತೆ. ಬರೆಯುವಾಗ ಯಾರಿಗ್ ಗೊತ್ತು?"

ಹೇಳಿದ ದಿನಕ್ಕಿಂತ ಮೊದಲೇ ಕೆಲಸ ಮುಗಿಯಿತು. ಹಾಳೆಗಳ ಅಂಚು ಒಂದಿಷ್ಟೂ ಆಚೀಚೆಯಾಗದಂತೆ ಮೇಜಿಗೆ ತಟ್ಟಿ ಕೂಡಿಸಿ, ಅತ್ತೆ ತಾವೇ ಹೋಗಿ ಕೊಟ್ಟುಬಂದರು. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಬೀಕರ್ ನನಗೆ ಫೋನ್ ಮಾಡಿ, "ಅತ್ತೇನ ಸಂಕಲನದ ರೂಮಿಗೆ ಕರ್ಕೊಂಡು ಬಾ" ಎಂದಷ್ಟೇ ಹೇಳಿ ಇಟ್ಟಳು.

ಅತ್ತೆ ಅದನ್ನು ಸನ್ಮಾನದ ಕರೆಯೆಂದೇ ತಿಳಿದರು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಹೊಸ ಪೆನ್ಸಿಲ್ ಕೆತ್ತಿ ಚೀಲಕ್ಕೆ ಹಾಕಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ಕಾಲು ಕುಣಿಯುತ್ತಿತ್ತು.

ಸಂಕಲನದ ಕೋಣೆಗೆ ಕಿಟಕಿಯಿರಲಿಲ್ಲ. ಎರಡು ಪರದೆ, ಚಕ್ರದ ಕುರ್ಚಿಗಳು, ಕಾಲಿಗೆ ತೊಡರುವ ತಂತಿಗಳು. ಒಂದು ಗೋಡೆಯ ತುಂಬ ಕಾಗದದ ಪಟ್ಟಿಗಳು. ಅತ್ತೆ ಟೈಪ್ ಮಾಡಿಕೊಟ್ಟದ್ದನ್ನು ಕತ್ತರಿಯಿಂದ ಸಾಲು ಸಾಲಾಗಿ ಕತ್ತರಿಸಿ, ಸಿನಿಮಾ ಹೇಗೆ ಬರಬೇಕೋ ಆ ಕ್ರಮದಲ್ಲಿ ಅಂಟಿಸಿದ್ದರು. ಅತ್ತೆ ಬಾಯಿ ತೆರೆದು ನಿಂತುಬಿಟ್ಟರು.

"ಇದೆಲ್ಲ ನಂದೇನೇ? ನಾನು ಬರೆದದ್ದೇ ಗೋಡೆಗೆ ಹಾಕಿದೀರಾ?"

"ನಿಮ್ಮದೇ ಅತ್ತೆ. ಆದ್ರೆ ಇಲ್ಲಿ ನೋಡಿ." ಬೀಕರ್ ಗೋಡೆಯ ನಡುವೆ ಬೆರಳಿಟ್ಟಳು. ಅಲ್ಲೊಂದು ಖಾಲಿ ಜಾಗ. ನಾಲ್ಕು ಮೂಲೆಗೂ ಪಿನ್ನು ಚುಚ್ಚಿತ್ತು. "ಇಲ್ಲಿ ಬರಬೇಕಾದ್ದು ನಿಮ್ಮ ಕಾಗದದಲ್ಲಿ ಇಲ್ಲ. ಚಿತ್ರೀಕರಣದ ದಿನ ನನ್ನ ಕಿವಿಯಾರೆ ಕೇಳಿದ್ದೆ. ಅದಕ್ಕೋಸ್ಕರಾನೇ ಈ ಕಂತು ಮಾಡ್ತಿರೋದು. ಕಾಗದದಲ್ಲಿ ಹುಡುಕಿದೆ, ಹುಡುಕಿದೆ, ಹುಚ್ಚು ಹಿಡಿಯೋದೊಂದು ಬಾಕಿ."

ಅವಳು ಪರದೆಯ ಮೇಲೆ ಗುಂಡಿ ಒತ್ತಿದಳು. ಚಾಲಕರ ಮುಖ ಬಂತು. ದಪ್ಪ ಮೀಸೆ, ಚಿಕ್ಕ ಕಣ್ಣು, ಮಾತಾಡುವಾಗ ಎರಡು ಕೈಯೂ ಕಾಣದ ಒಂದು ಸ್ಟಿಯರಿಂಗ್ ಮೇಲೆ.

"ಗಂಟೆ ಹೊಡೀತು ಅಂದ್ರೆ ಮೈಯೆಲ್ಲ ಜುಮ್ ಅನ್ನೋದು. ನಿಜ ಹೇಳ್ಬೇಕು ಅಂದ್ರೆ, ಖುಷಿ ಆಗೋದು. ಯಾರದ್ದೋ ಮನೆ ಉರೀತಿದೆ, ಇಲ್ಲಿ ನನಗೆ ಖುಷಿ. ನನ್ನ ರಜಾ ದಿನ ಗಂಟೆ ಹೊಡೆದು, ನಾನಿಲ್ದೆ ಗಾಡಿ ಹೋಯ್ತು ಅಂತ ಗೊತ್ತಾದ್ರೆ ಅವತ್ತು ಊಟ ಸೇರ್ತಿರ್ಲಿಲ್ಲ. ಅಯ್ಯೋ, ಬೇಡ ಬೇಡ. ಅದನ್ನ ತೆಗೆದುಬಿಡಿ. ಹೀಗೆ ಬರ್ಕೊಳ್ಳಿ: ನಾವು ಕರ್ತವ್ಯ ಅಂತ ಹೋಗ್ತಿದ್ವಿ."

ಪರದೆ ನಿಂತಿತು. ಅತ್ತೆಯ ಕಾಗದದಲ್ಲಿ ಆ ಜಾಗದಲ್ಲಿ ಇದ್ದದ್ದು ಒಂದೇ ಸಾಲು: ನಾವು ಕರ್ತವ್ಯ ಅಂತ ಹೋಗ್ತಿದ್ವಿ.

ಏನಾಗಿದೆಯೆಂದು ನನಗೆ ಹೊಳೆದ ಗಳಿಗೆಯಲ್ಲೇ ಅತ್ತೆಗೂ ಹೊಳೆದಿತ್ತು. ಇಷ್ಟು ವರ್ಷ ಸಾಹೇಬರ ಎದುರು ಕೂತ ಕೈ ಅದು. ಸಾಹೇಬರು 'ಅದು ಬೇಡ' ಅಂದರೆ ಆ ಮಾತಿನ ಸುತ್ತ ಒಂದು ಸುತ್ತು ಎಳೆದು ಮುಂದೆ ಹೋಗುವುದು, ಟೈಪ್ ಮಾಡುವಾಗ ಸುತ್ತಿನೊಳಗಿದ್ದದ್ದನ್ನು ಹಾರಿಸುವುದು. ತಲೆಯನ್ನು ಕೇಳುವ ಪ್ರಶ್ನೆಯೇ ಇಲ್ಲ. ಚಾಲಕರು 'ತೆಗೆದುಬಿಡಿ' ಎಂದರು, ಕೈ ತೆಗೆದುಬಿಟ್ಟಿತು. ಸ್ಟೆನೋ ಅಲ್ಲದ ಬೇರೆ ಯಾರಿಗೆ ಕೊಟ್ಟಿದ್ದರೂ ಈ ತಪ್ಪು ಆಗುತ್ತಿರಲಿಲ್ಲ.

"ಅವರು ನಿಮ್ಮ ಸಾಹೇಬ್ರಲ್ಲ ಅತ್ತೆ!" ಎಂದು ಬೀಕರ್ ಕೈ ಚೆಲ್ಲಿದಳು. "ಇನ್ನೂ ಏನೇನು ತೆಗೆದಿದೀರೋ ನನಗೇನು ಗೊತ್ತು?"

"ತಪ್ಪಾಯ್ತು" ಎಂದರು ಅತ್ತೆ. ದನಿ ಸಣ್ಣದಾಗಿತ್ತು, ನಡುಗಿರಲಿಲ್ಲ. "ಆಡಿದ್ದನ್ನೆಲ್ಲ ಬರೀಬೇಕಿತ್ತು. ಎಲ್ಲ ಇನ್ನೊಂದು ಸಲ ಮಾಡಿಕೊಡ್ತೀನಿ. ಆದ್ರೆ ಒಂದು ಮಾತು. ಅವರು ತೆಗೀರಿ ಅಂದಿದಾರೆ. ನೀನು ಅದನ್ನ ಟಿವಿಲಿ ಹಾಕೋದು ಹೇಗಮ್ಮ?"

"ಕ್ಯಾಮೆರಾ ಮುಂದೆ ಹೇಳಿದಾರೆ ಅತ್ತೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದಾರೆ."

"ಸಹಿ ಮಾಡಿದ್ದು ಮಾತಿಗೆ ಮೊದಲೋ ಆಮೇಲೋ?"

ಬೀಕರ್ ಪರದೆಯ ಕಡೆ ತಿರುಗಿ ಹೇಳಿದಳು: ಮೊದಲು.

"ಹೋಗಿ ಕೇಳೋಣ" ಎಂದರು ಅತ್ತೆ.

"ಬೇಡ ಅಂದ್ರೆ? ನನ್ನ ಕಂತಿನ ಎದೆಬಡಿತಾನೇ ನಿಂತುಹೋಗತ್ತೆ. ಚಾನೆಲ್ಲಿಗೆ ನಾಡಿದ್ದು ಕಾಗದ ತೋರಿಸ್ಬೇಕು." ಅವಳ ಮುಖ ಕೆಂಪಾಗಿತ್ತು. "ಒಂದು ಹೇಳ್ಲಾ ಅತ್ತೆ? ಆ ಸಾಫ್ಟ್‌ವೇರು ಎಡವಟ್ಟು ಮಾಡ್ತಿತ್ತು, ಆದ್ರೆ ನ್ಯಾಯ ಕೇಳ್ತಿರ್ಲಿಲ್ಲ. ಅವರು ಬೇಡ ಅಂದ್ರೆ ನಾನು ಈ ಕೆಲಸ ಕಂಪನಿಗೇ ಕೊಡ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡಿ."

ಅತ್ತೆ ಗೋಡೆಯನ್ನೊಮ್ಮೆ ನೋಡಿದರು. ತಮ್ಮ ಅಕ್ಷರಗಳನ್ನು, ಈ ತುದಿಯಿಂದ ಆ ತುದಿಯವರೆಗೆ. "ಆಗಲಿ" ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಕಾಲು ಕುಣಿಯಲಿಲ್ಲ. ಮನೆಗೆ ಬಂದವರೇ ಬಾಗಿಲಿಗೆ ಇಟ್ಟಿದ್ದ ಪೆಡಲನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿ, ಮೇಜಿನ ಕೆಳಗೆ ಇಟ್ಟರು. ಬಾಗಿಲು ಗಾಳಿಗೆ ಬಡಿದುಕೊಂಡಿತು. ಮಾವ ಒಂದು ಚಪ್ಪಲಿ ತಂದು ಬಾಗಿಲಿಗೆ ಸಿಕ್ಕಿಸಿದರು. ಅಷ್ಟು ಗೆದ್ದೂ ಬಾಯಿ ಮುಚ್ಚಿಕೊಂಡಿದ್ದ ಮಾವನನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ರಜೆ ಹಾಕಿ ನಾನೂ ಜೊತೆಗೆ ಕೂತೆ. ಅತ್ತೆ ಈ ಸಲ ಶೀಘ್ರಲಿಪಿ ಬರೆಯಲಿಲ್ಲ. ನಿಲ್ಲಿಸಿ, ಕೇಳಿ, ಬರೆದು, ಮತ್ತೆ ಕೇಳಿ. ಕೆಮ್ಮು ಬಂದರೆ ಕೆಮ್ಮು, ನಕ್ಕರೆ ನಗು, ಅರ್ಧಕ್ಕೆ ಬಿಟ್ಟ ಮಾತು ಅರ್ಧಕ್ಕೇ. ಮೊದಲು ಬಹಳ ಕಷ್ಟಪಟ್ಟರು. ಆಮೇಲೆ ಒಂದು ವಿಚಿತ್ರ ಆಯಿತು. ಸರಿಯಾಗಿ ಆ ಜಾಗಕ್ಕೆ ಬಂದಾಗ, 'ಊಟ ಸೇರ್ತಿರ್ಲಿಲ್ಲ' ಎಂಬಲ್ಲಿ ಪೆಡಲ್ ಒತ್ತಿ ನಿಲ್ಲಿಸಿ, ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, ಕಣ್ಣರಳಿಸಿ ನನ್ನ ಕಡೆ ತಿರುಗಿದರು.

"ಲೇ, ಇವರು ನನ್ನ ಮಾತಾಡ್ತಿದಾರೆ ಕಣೇ!"

ಅದೇನೆಂದು ಕೇಳಿದರೆ ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಆ ಮುಖಕ್ಕೆ ಹಳೆಯ ಕೆಂಪು ಮತ್ತೆ ಬಂತು. ಪೆಡಲ್ ಒತ್ತುವ ಕಾಲಿಗೂ ಒಂದು ಲಯ ಸಿಕ್ಕಿತು. ಸಂಜೆಯ ಹೊತ್ತಿಗೆ ಹಾಳೆಗಳು ತಯಾರಾದವು. 'ತೆಗೆದುಬಿಡಿ' ಎಂದದ್ದೂ ಅದರಲ್ಲಿತ್ತು. ಬೀಕರ್‌ಗೆ ಫೋನ್ ಮಾಡಿದೆ, ಮೂವರೂ ಹೊರಟೆವು.

ಚಾಲಕರ ಮನೆ ಒಂದು ಗಲ್ಲಿಯ ಕೊನೆಯಲ್ಲಿ, ಬೀದಿಯಿಂದ ಎರಡು ಮೆಟ್ಟಿಲು ಮೇಲೆ. ಬಾಗಿಲ ಪಕ್ಕದಲ್ಲಿ ಒಂದು ಜೊತೆ ಬೂಟು. ಎಲ್ಲರ ಮನೆಯಲ್ಲೂ ಚಪ್ಪಲಿ ಬಿಟ್ಟದ್ದು ಒಳಗೆ ಮುಖ ಮಾಡಿರುತ್ತದೆ. ಇದು ಬೀದಿಗೆ ಮುಖ ಮಾಡಿತ್ತು, ಲೇಸು ಸಡಿಲಿಸಿ, ಬಾಯಿ ಅಗಲಿಸಿ. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಚಾಲಕರು ನಕ್ಕರು.

"ಅಭ್ಯಾಸ ತಾಯಿ. ಒಳಗಿಂದ ಓಡಿ ಬಂದ್ರೆ ಕಾಲು ಸೀದಾ ಒಳಗೆ ಇಳೀಬೇಕು. ಈಗ ಹಾಲು ತರೋಕೆ ಹೋಗೋದಷ್ಟೆ. ಆದ್ರೂ ಬೇಗ ಹೋಗ್ತೀನಿ!"

ಅತ್ತೆ ತಮ್ಮ ಪರಿಚಯ ಹೇಳಿಕೊಂಡು ಹಾಳೆಗಳನ್ನು ಅವರ ಕೈಗಿಟ್ಟರು. "ನೀವು ಆಡಿದ್ದು. ಒಂದಕ್ಷರ ಬಿಟ್ಟಿಲ್ಲ. ಓದಿ ನೋಡಿ."

"ನನ್ನ ಮಾತಿಗೆ ಇಷ್ಟೊಂದು ಕಾಗದವೇ!" ಚಾಲಕರು ಗಟ್ಟಿಯಾಗಿಯೇ ಓದತೊಡಗಿದರು. ತಮ್ಮ ಜೋಕಿಗೆ ತಾವೇ ನಕ್ಕರು, ಕೆಮ್ಮು ಎಂದು ಬರೆದಲ್ಲಿ ನಿಜವಾಗಿಯೂ ಕೆಮ್ಮಿದರು. ಆಮೇಲೆ ಆ ಜಾಗ ಬಂತು. ದನಿ ನಿಂತಿತು. ಕಣ್ಣು ಮಾತ್ರ ಸಾಲಿನ ಮೇಲೆ ಹೋಗಿಬರುತ್ತಿತ್ತು. ಬೀಕರ್ ನನ್ನ ಮೊಣಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ, ಕಾಲೇಜಿನ ಗಾಜುಗಳ ಬಗ್ಗೆ ನನಗೆ ಕನಿಕರ ಬಂತು.

"ಇದನ್ನ ತೆಗೀರಿ ಅಂದಿದ್ನಲ್ಲ" ಎಂದರು ಚಾಲಕರು.

"ಹೌದು" ಎಂದರು ಅತ್ತೆ. "ಮೊದಲ ಸಲ ತೆಗೆದೆ. ಅದಕ್ಕೇ ಬೈಸಿಕೊಂಡೆ. ಇರಲೋ ಬೇಡವೋ ಅಂತ ನೀವೇ ಹೇಳಬೇಕು. ಬೇಡ ಅಂದ್ರೆ ಈ ಹಾಳೆ ಇಲ್ಲೇ ಬಿಟ್ಟು ಹೋಗ್ತೀನಿ. ಆದ್ರೆ ಅದಕ್ಕೆ ಮೊದಲು ನಂದೊಂದು ಕೇಳಿ."

ಅತ್ತೆ ಕುರ್ಚಿಯ ತುದಿಗೆ ಬಂದು ಕೂತರು.

"ನಮ್ಮ ಕಚೇರಿಲಿ ಒಂದು ವಿಭಾಗ ಮುಚ್ಚೋ ಸಭೆ ನಡೀತು. ಅಲ್ಲಿದ್ದೋರೆಲ್ಲ ಎದ್ದು ನಿಂತು ಕಿರುಚಾಡಿದ್ರು, ಒಬ್ಬರು ಅತ್ತೇಬಿಟ್ರು. ನಾನು ಮೂಲೆಲಿ ಕೂತು ಬರೀತಿದ್ದೆ. ಅವರು ಕಿರುಚಿದಷ್ಟೂ ನನ್ನ ವೇಗ ಏರ್ತು. ಇನ್ನೂ ಜೋರಾಗಿ ಮಾತಾಡಲಿ, ಇನ್ನೂ ಜೋರಾಗಿ ಅಂತ ಒಳಗೊಳಗೇ ಹೇಳ್ಕೋತಿದ್ದೆ. ಮನೆಗೆ ಹಾಡು ಗುನುಗಿಕೊಂಡು ಹೋದೆ. ನಮ್ಮ ಯಜಮಾನ್ರು 'ಏನೇ ಇಷ್ಟು ಖುಷಿ' ಅಂದ್ರು. ಆಗ ನೆನಪಾಯ್ತು ನನಗೆ, ಅಲ್ಲಿ ಏನು ನಡೀತು ಅಂತ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ."

ಚಾಲಕರು ಅತ್ತೆಯನ್ನೇ ನೋಡುತ್ತಿದ್ದರು. ಮೀಸೆ ನಿಧಾನವಾಗಿ ಅಗಲವಾಯಿತು.

"ಹಾಗಾದ್ರೆ ನಿಮ್ಮ ಕಚೇರೀಲೂ ಗಂಟೆ ಹೊಡೀತಿತ್ತು ಅನ್ನಿ."

"ಹೊಡೀತಿತ್ತು" ಎಂದರು ಅತ್ತೆ. "ಈಗ ಟಿವಿ ನೋಡಿದ್ರೂ ಹೊಡೆಯತ್ತೆ."

"ನನಗೆ ಪಕ್ಕದ ಮನೆ ಕುಕ್ಕರ್ ಸೀಟಿ ಹೊಡೆದ್ರೆ ಸಾಕು, ಕಾಲು ಬೂಟು ಹುಡುಕತ್ತೆ!" ಇಬ್ಬರೂ ಗಹಗಹಿಸಿ ನಗತೊಡಗಿದರು. ಚಾಲಕರಿಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಹಾಳೆಯ ಮೇಲೆ ದಪ್ಪ ಬೆರಳಿಟ್ಟರು.

"ನಮ್ಮ ಠಾಣೆಲಿ ಎಲ್ಲರಿಗೂ ಹೀಗೇ ಆಗ್ತಿತ್ತೋ ಏನೋ. ಒಬ್ಬರೂ ಬಾಯಿ ಬಿಡಲಿಲ್ಲ. ಉರಿಯೋ ಮನೆಯವರು ಕೇಳಿಸ್ಕೊಂಡ್ರೆ ಏನಂದ್ಕೋತಾರೆ ಅಂತ ಭಯ. ಆದ್ರೆ ಆ ಖುಷಿ ಇಲ್ದಿದ್ರೆ ಅಷ್ಟು ಬೇಗ ಹೋಗೋಕೆ ಆಗ್ತಿತ್ತಾ? ಇರಲಿ. ಹಾಕಿ. ಆದ್ರೆ ನಾನು ತೆಗೀರಿ ಅಂದದ್ದೂ ಇರಲಿ. ಇಲ್ದಿದ್ರೆ ಜನ ನನ್ನ ನಾಚಿಕೆ ಬಿಟ್ಟವನು ಅಂದ್ಕೋತಾರೆ."

ಬೀಕರ್ ಎದ್ದ ರಭಸಕ್ಕೆ ಪಕ್ಕದ ಸ್ಟೂಲಿನ ಮೇಲಿದ್ದ ನೀರಿನ ಲೋಟ ಉರುಳಿತು. ಸದ್ಯ, ಅದು ಸ್ಟೀಲಿನದು.

ಬೀದಿಗೆ ಬಂದಮೇಲೆ ಅವಳು ಅತ್ತೆಯನ್ನು ತಬ್ಬಿಕೊಂಡು, "ಉಳಿದ ಕಂತುಗಳ ಮಾತೆಲ್ಲ ನಾಳೇನೇ ಕಳಿಸ್ತೀನಿ ಅತ್ತೆ. ಕಂಪನಿಯವರು ಅವರ ಪಾಡಿಗೆ ಇರಲಿ. ಆದ್ರೆ ಯಾರಾದ್ರೂ ಬೇಡ ಅಂದ್ರೆ..." ಎಂದು ಶುರು ಮಾಡಿದಳು.

"ಬರೀತೀನಿ. ಬರೆದು, ಪಕ್ಕದಲ್ಲಿ ಒಂದು ಸುತ್ತು ಹಾಕ್ತೀನಿ. ಸುತ್ತು ಕಂಡಲ್ಲೆಲ್ಲ ನೀನು ಹೋಗಿ ಕೇಳಬೇಕು."

"ಎಲ್ಲರ ಮನೆಗೂ?"

"ಒಂದು ಗಾಡಿ ಮಾಡ್ಕೋ" ಎಂದರು ಅತ್ತೆ. "ಬೇಕಾದ್ರೆ ಒಳ್ಳೆ ಡ್ರೈವರ್ ಒಬ್ಬರಿದಾರೆ."

ಕಂತು ಪ್ರಸಾರವಾದ ಸಂಜೆ ನಾವೆಲ್ಲ ಆ ಸೋಫಾದ ಸುತ್ತ ಸೇರಿದ್ದೆವು. ಮಾವ ಎಂದಿನಂತೆ ಟಿವಿಯ ಸದ್ದು ಏರಿಸಲು ರಿಮೋಟ್ ಎತ್ತಿದವರು, ಪರದೆಯ ಕೆಳಗೆ ಮೊದಲ ಸಾಲು ಮೂಡಿದ್ದನ್ನು ಕಂಡು ಕೈ ಹಾಗೇ ಹಿಡಿದರು. ಒಂದು ಸಾಲು ಓದಿದರು, ಇನ್ನೊಂದು ಓದಿದರು. ಆಮೇಲೆ ರಿಮೋಟ್ ಒತ್ತಿ ಸದ್ದನ್ನು ಪೂರ್ತಿ ಇಳಿಸಿಬಿಟ್ಟರು. "ಈಗ ಎಲ್ಲ ಕೇಳಿಸ್ತಿದೆ" ಎಂದರು. ನಮಗೆ ಕೇಳಿಸುತ್ತಿರಲಿಲ್ಲ, ಆದರೆ ಯಾರೂ ಜಗಳವಾಡಲಿಲ್ಲ.

ಚಾಲಕರ ಮುಖ ಬಂತು. ಕೈಗಳು ಕಾಣದ ಸ್ಟಿಯರಿಂಗ್ ತಿರುಗಿಸುತ್ತಿದ್ದವು. ಕೆಳಗೆ ಅಕ್ಷರಗಳು: ಯಾರದ್ದೋ ಮನೆ ಉರೀತಿದೆ, ಇಲ್ಲಿ ನನಗೆ ಖುಷಿ. ನಾನು ಸೋಫಾದ ಬಲಗೈ ಕಡೆ ನೋಡಿದೆ. ಬೆರಳು ಓಡುತ್ತಲೇ ಇತ್ತು, ಅಕ್ಷರಗಳಿಗಿಂತ ತುಸು ಮುಂದೆ. 'ತೆಗೆದುಬಿಡಿ' ಎಂಬ ಸಾಲು ಬಂದಾಗ ಮಾವ, "ಏನೇ, ತೆಗೀರಿ ಅಂದಿದ್ದನ್ನೂ ಹಾಕಿದೀಯಲ್ಲೇ!" ಎಂದು ಕೂಗಿದರು.

"ಅವರೇ ಹೇಳಿದ್ದು ರೀ. ಸುಮ್ನೆ ಓದಿ, ಮುಂದಿನ ಸಾಲು ಹೋಗತ್ತೆ!"

ಮರುದಿನ ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೊರಟವಳು ಅತ್ತೆಗೆ ಹೇಳಿ ಹೋಗೋಣವೆಂದು ಮೇಲೆ ಹತ್ತಿದೆ. ಮುಳುಗುಗಾರರ ಕಂತಿನ ಮಾತು ಬಂದಿತ್ತು. ಒಳಗಿನಿಂದ ಪೆಡಲಿನ ಟಕ್ ಟಕ್ ಕೇಳುತ್ತಿತ್ತು. ಬಾಗಿಲ ಹೊರಗೆ ಅತ್ತೆಯ ಚಪ್ಪಲಿ ಜೋಡಿಸಿಟ್ಟಿತ್ತು, ಮೆಟ್ಟಿಲ ಕಡೆ ಮುಖ ಮಾಡಿ. ಪಕ್ಕದಲ್ಲಿ ಮಾವ ಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದರು.

"ನೋಡು ವಿಜ್ಞಾನಿ ನಿಮ್ಮತ್ತೆ ಅವತಾರ" ಎಂದು ಗುಟ್ಟಿನ ದನಿಯಲ್ಲಿ ಹೇಳಿದರು. ಅವರ ಗುಟ್ಟಿನ ದನಿ ಇಡೀ ಮಹಡಿಗೆ ಕೇಳುತ್ತದೆ. "ಸಂಕಲನದ ರೂಮಿಂದ ಫೋನ್ ಬಂದ್ರೆ ಓಡಬೇಕಂತೆ. ನನ್ನ ಚಪ್ಪಲೀನೂ ತಿರುಗಿಸಿ ಇಟ್ಟಿದಾಳೆ. ನಾನೆಲ್ಲಿಗೆ ಓಡಲಿ?"

"ಪೆಡಲ್ ಕೀರ್ ಅಂತಿದೆ ರೀ!" ಎಂದು ಒಳಗಿನಿಂದ ಅತ್ತೆ ಕೂಗಿದರು.

ಮಾವ ಎಣ್ಣೆಯ ಡಬ್ಬಿ ಹಿಡಿದು ಒಳಗೆ ಓಡಿದರು.